ಕಾಸ್ನಿ ಬೇರಿನ ಕಷಾಯ: ಆರಿಸುವ, ಕುದಿಸುವ, ಕುಡಿಯುವ ಕ್ರಮ

ಕಾಫಿ ಪುಡಿಗೆ ಬೆರೆಸುವ ಚಿಕೋರಿಯೂ ಬೀದರ, ಕಲಬುರಗಿಯ ಗಿಡಮೂಲಿಕೆ ಅಂಗಡಿಗಳಲ್ಲಿ ಸಿಗುವ ಕಾಸ್ನಿಯೂ ಒಂದೇ ನೀಲಿ ಹೂವಿನ ಗಿಡದವು. 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದ ನಮ್ಮ ಭಾಗದಲ್ಲಿ ಯುನಾನಿ ವೈದ್ಯಪದ್ಧತಿ ಇನ್ನೂ ಬಳಕೆಯಲ್ಲಿದ್ದು, ಹಕೀಮರು ಇದರ ಬೇರು, ಬೀಜ, ಸೊಪ್ಪು ಮೂರನ್ನೂ ಔಷಧಿಯಾಗಿ ಕೊಡುತ್ತಾರೆ. ಮನೆಯಲ್ಲಿ ನಾವೇ ಮಾಡಿಕೊಳ್ಳಲು ಬೇರಿನ ಕಷಾಯವೇ ಸರಳ.

ಅಂಗಡಿಯಲ್ಲಿ ‘ಬೇಖೆ ಕಾಸ್ನಿ’ ಎಂದೇ ಕೇಳಬೇಕು. ಒಣಗಿದ ಬೇರು ಮುರಿದರೆ ಚಟ್ಟೆಂದು ಮುರಿಯಬೇಕು, ಒಳಗೆ ಬಿಳಿಚಾಗಿರಬೇಕು; ಬಾಗುವ, ಬೂಷ್ಟಿನ ವಾಸನೆ ಬರುವ ಬೇರನ್ನು ತರಬಾರದು. ಹುರಿದ ಚಿಕೋರಿ ಪುಡಿ ಇದಕ್ಕೆ ಬದಲಿಯಲ್ಲ, ಏಕೆಂದರೆ ಬೇರಿನಲ್ಲಿರುವ ಇನ್ಯುಲಿನ್ ಎಂಬ ನಾರಿನಂಶ ಹುರಿಯುವಾಗ ಬಹಳಷ್ಟು ಒಡೆದುಹೋಗುತ್ತದೆ. ದಿನಕ್ಕೆ 3 ಗ್ರಾಂ, ಅಂದರೆ ಸುಮಾರು ಒಂದು ಟೀ ಚಮಚ ಜಜ್ಜಿದ ಬೇರು ಸಾಕು. ಅದನ್ನು 200 ಮಿಲಿ ನೀರಿನಲ್ಲಿ ಸಣ್ಣ ಉರಿಯ ಮೇಲೆ ಐದರಿಂದ ಹತ್ತು ನಿಮಿಷ ಕುದಿಸಿ, ಸೋಸಿ, ಊಟಕ್ಕೆ ಅರ್ಧ ಗಂಟೆ ಮೊದಲು ಬೆಚ್ಚಗೆ ಕುಡಿಯಬೇಕು. ಸಕ್ಕರೆ ಬೆರೆಸದಿರುವುದೇ ಒಳ್ಳೆಯದು. ಹಸಿವನ್ನು ಎಬ್ಬಿಸುವುದು ಅದರ ಕಹಿಯೇ ಎಂದು ಪರಂಪರೆ ನಂಬುತ್ತದೆ.

ಊಟದ ನಂತರದ ಹೊಟ್ಟೆಭಾರ, ಉಬ್ಬರ, ಮಂದವಾದ ಹಸಿವು, ಇಷ್ಟಕ್ಕೆ ಈ ಕಷಾಯವನ್ನು ಯುರೋಪಿನಲ್ಲಿಯೂ ಬಹುಕಾಲದಿಂದ ಬಳಸುತ್ತ ಬಂದಿದ್ದಾರೆ. ಮಲಬದ್ಧತೆಯ ವಿಷಯದಲ್ಲಿ ಮಾತ್ರ ನಿರೀಕ್ಷೆ ಮಿತವಾಗಿರಲಿ: ಇನ್ಯುಲಿನ್ ಮಲವಿಸರ್ಜನೆಗೆ ನೆರವಾಗುತ್ತದೆ ಎಂದು ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2015ರಲ್ಲಿ ಒಪ್ಪಿದ್ದು ದಿನಕ್ಕೆ 12 ಗ್ರಾಂ ಇನ್ಯುಲಿನ್‌ಗೆ, ಒಂದು ಲೋಟ ಕಷಾಯದಲ್ಲಿ ಅಷ್ಟು ಇರಲು ಸಾಧ್ಯವೇ ಇಲ್ಲ.

ಹಸಿ ಸೊಪ್ಪಿನ ರಸವನ್ನು ಹಕೀಮರು ಯಕೃತ್ತಿನ ಊತಕ್ಕೆ ಕೊಡುತ್ತಾರೆ. ರಸವನ್ನು ಬಿಸಿ ಮಾಡಿದಾಗ ಹಸಿರು ಅಂಶ ಒಡೆದ ಹಾಲಿನಂತೆ ಬೇರ್ಪಡುತ್ತದೆ, ಉಳಿದ ತಿಳಿಯನ್ನು ಸೋಸಿ ಕುಡಿಸುತ್ತಾರೆ. ಇಲಿಗಳ ಮೇಲಿನ ಪ್ರಯೋಗಗಳು ಭರವಸೆ ಮೂಡಿಸಿದ್ದರೂ ಮನುಷ್ಯರಲ್ಲಿ ದೊರೆತ ಪುರಾವೆ ತೀರ ಕಡಿಮೆ. ಆದ್ದರಿಂದ ಕಣ್ಣು, ಮೂತ್ರ ಹಳದಿಯಾದವರು ಕಾಮಾಲೆಗೆ ಕಾಸ್ನಿ ಸಾಕೆಂದು ದಿನ ಕಳೆಯಬಾರದು. ಮೊದಲು ರಕ್ತಪರೀಕ್ಷೆ ಮಾಡಿಸಿ ಕಾರಣ ತಿಳಿದುಕೊಳ್ಳಲೇಬೇಕು. ಈ ಮಾತನ್ನು ನಾನು ಒತ್ತಿ ಹೇಳುತ್ತೇನೆ.

ಪಿತ್ತಕೋಶದ ಕಲ್ಲು ಇರುವವರು ವೈದ್ಯರನ್ನು ಕೇಳದೆ ಕುಡಿಯಬಾರದು. ಸೇವಂತಿಗೆ, ಚೆಂಡು ಹೂವಿನ ಅಲರ್ಜಿ ಇರುವವರಿಗೆ ಅದೇ ಕುಟುಂಬದ ಈ ಗಿಡವೂ ಒಗ್ಗದೆ ಹೋಗಬಹುದು. ಗರ್ಭಿಣಿಯರು ಔಷಧಿಯ ಪ್ರಮಾಣದಲ್ಲಿ ಸೇವಿಸದಿರುವುದು ಲೇಸು. ಕುಡಿದ ಮೇಲೆ ವಾಯು ಹೆಚ್ಚಾದರೆ ಬೇರಿನ ಪ್ರಮಾಣವನ್ನು ಅರ್ಧಕ್ಕೆ ಇಳಿಸಬೇಕು. ಎರಡು ವಾರ ಕಳೆದರೂ ತೊಂದರೆ ಹೋಗದಿದ್ದರೆ ಕಷಾಯ ನಿಲ್ಲಿಸಿ ವೈದ್ಯರಿಗೆ ತೋರಿಸಬೇಕು.