ವರದಿಗಾರನ ನೋಟ್‌ಬುಕ್‌ನಿಂದ ಸ್ಪೈ ಕಾದಂಬರಿ ಬರೆಯುವುದು ಹೇಗೆ?

ಮುಂಬೈಯ ಕನ್ನಡ ಪತ್ರಿಕೆಗಳ ಹುಡುಗರು ನನ್ನನ್ನು ಆಗಾಗ ಕೇಳುತ್ತಾರೆ: "ಸಾರ್, ಸ್ಪೈ ಕಾದಂಬರಿ ಬರೀಬೇಕು. 'ರಾ'ದಲ್ಲಿ ಯಾರಾದ್ರೂ ಪರಿಚಯ ಇದ್ದಾರಾ?"

ಇಲ್ಲ ಮಾರಾಯ. ಇದ್ದರೂ ಅವರು ಬಾಯಿ ಬಿಡುವುದಿಲ್ಲ. ಗುಪ್ತಚರ ಸಂಸ್ಥೆಗಳಿಂದ ನಿವೃತ್ತರಾದವರು ಇಲಾಖೆಯ ವಿಷಯ ಬರೆಯಲು ಮೊದಲೇ ಅನುಮತಿ ಪಡೆಯಬೇಕು. ಈ ಪಿಂಚಣಿ ನಿಯಮ 2021ರಲ್ಲಿ ಇನ್ನಷ್ಟು ಬಿಗಿಯಾಯಿತು. ಮಾಹಿತಿ ಹಕ್ಕಿನ ಅರ್ಜಿ ಹಾಕೋಣ ಅಂದರೆ, ಆ ಕಾಯ್ದೆಯ 24ನೇ ಸೆಕ್ಷನ್ ರಾ, ಐಬಿಯಂಥ ಸಂಸ್ಥೆಗಳನ್ನು ಬಹುಮಟ್ಟಿಗೆ ಹೊರಗೇ ಇಟ್ಟಿದೆ. ಅದಕ್ಕಿಂತ ಬಂದರಿನಲ್ಲಿ ಸರಕು ಬಿಡಿಸಿಕೊಡುವ ಒಬ್ಬ ಒಳ್ಳೆ ಕ್ಲಿಯರಿಂಗ್ ಏಜೆಂಟ್‌ನ ಸ್ನೇಹ ಮಾಡಿ. ಸರಕು ಯಾವ ಕಾಗದದ ಮೇಲೆ ಒಳಗೆ ಬರುತ್ತದೆ, ಯಾರ ಸಹಿ ಬೇಕು, ಗೇಟ್ ಪಾಸ್ ಯಾರು ನೋಡುತ್ತಾರೆ, ಯಾರು ಸುಮ್ನೆ ನೋಡಿದ ಹಾಗೆ ಮಾಡುತ್ತಾರೆ, ಎಲ್ಲ ಅವನಿಗೆ ಗೊತ್ತು. ಬಂದರು, ಕಸ್ಟಮ್ಸ್, ಕೋರ್ಟು ಬೀಟ್ ಮಾಡುತ್ತಲೇ ತಲೆ ಬೆಳ್ಳಗಾದವನು ನಾನು. ನನ್ನ ಕಾದಂಬರಿಯ ಅರ್ಧ ಬಂಡವಾಳ ಸಿಕ್ಕಿದ್ದು ಬಲ್ಲಾರ್ಡ್ ಎಸ್ಟೇಟ್‌ನ ಚಹಾದಂಗಡಿಗಳಲ್ಲಿ.

ಈ ದಾರಿಯಲ್ಲಿ ನಮಗೆಲ್ಲ ಹಿರಿಯಣ್ಣ ಅಂದರೆ ಇಂಗ್ಲಿಷ್ ಕಾದಂಬರಿಕಾರ ಫ್ರೆಡರಿಕ್ ಫೋರ್ಸಿತ್. ಬರೆಯಲು ಕೂರುವ ಮೊದಲು ಅವನ ಜೀವನವನ್ನು ಒಮ್ಮೆ ಓದಿ. ಹುಟ್ಟಿದ್ದು 1938ರಲ್ಲಿ, ಇಂಗ್ಲೆಂಡಿನ ಕೆಂಟ್‌ನಲ್ಲಿ. ಮೊದಲು ವಾಯುಪಡೆಯ ಪೈಲಟ್. ಆಮೇಲೆ ಸ್ಥಳೀಯ ಪತ್ರಿಕೆಯೊಂದರಲ್ಲಿ ವರದಿಗಾರ. 1961ರಲ್ಲಿ ರಾಯಿಟರ್ಸ್ ಸುದ್ದಿಸಂಸ್ಥೆ ಸೇರಿದ, ಅಲ್ಲಿಂದ ಪ್ಯಾರಿಸ್‌ಗೆ ಹೋದ. ಆಗ ಫ್ರಾನ್ಸ್ ಅಧ್ಯಕ್ಷ ಡಿ ಗಾಲ್ ಅವರನ್ನು ಕೊಲ್ಲಲು ಅಲ್ಜೀರಿಯಾಗೆ ಸ್ವಾತಂತ್ರ್ಯ ಕೊಡುವುದನ್ನು ವಿರೋಧಿಸುತ್ತಿದ್ದ ಓಎಎಸ್ ಎಂಬ ಗುಪ್ತ ಗುಂಪು ಹೊಂಚು ಹಾಕುತ್ತಿತ್ತು. 1962ರ ಆಗಸ್ಟ್ 22ರಂದು ಪ್ಯಾರಿಸ್ ಹೊರವಲಯದಲ್ಲಿ ಅವರ ಕಾರಿನ ಮೇಲೆ ಗುಂಡಿನ ಮಳೆಯೇ ಆಯಿತು. ಅವರು ಬದುಕಿಕೊಂಡರು. ಈ ಹುಡುಗ ಅವರ ಬೆನ್ನು ಹತ್ತಿ ವರದಿ ಮಾಡುತ್ತಿದ್ದ. ಅಂಗರಕ್ಷಕರ ಸ್ನೇಹವನ್ನೂ ಮಾಡಿಕೊಂಡ. ಮುಂದೆ ಬಿಬಿಸಿ ಸೇರಿದ, ನೈಜೀರಿಯಾದ ಬಿಯಾಫ್ರಾ ಯುದ್ಧಕ್ಕೆ ಹೋದ, ಅದರ ವರದಿಯ ವಿಷಯದಲ್ಲಿ ಸಂಸ್ಥೆಯ ಜತೆ ಹೊಂದದೆ ಹೊರಬಿದ್ದ. ಕೆಲಸವೂ ಇಲ್ಲ, ಕಾಸೂ ಇಲ್ಲ. 1970ರ ಜನವರಿಯಲ್ಲಿ ಟೈಪ್‌ರೈಟರ್ ಮುಂದೆ ಕೂತು 35 ದಿನದಲ್ಲಿ 'ದ ಡೇ ಆಫ್ ದ ಜಾಕಲ್' ಬರೆದು ಮುಗಿಸಿದ.

ಪ್ರಕಾಶಕರು ಒಬ್ಬರಾದ ಮೇಲೆ ಒಬ್ಬರು ವಾಪಸ್ ಕಳಿಸಿದರು. ಡಿ ಗಾಲ್ ಅವರನ್ನು ಕೊಲ್ಲಲು ಓಎಎಸ್ ಬಾಡಿಗೆ ಕೊಲೆಗಾರನನ್ನು ಗೊತ್ತುಮಾಡುವ ಕಥೆ ಅದು, ಆದರೆ ಡಿ ಗಾಲ್ ಆಗ ಬದುಕಿದ್ದರು. ಕೊಲೆ ಆಗಲಿಲ್ಲ ಅಂತ ಎಲ್ಲರಿಗೂ ಗೊತ್ತು, ಹಾಗಾದರೆ ಯಾರು ಓದುತ್ತಾರೆ? ಆದರೂ ಜನ ಓದಿದರು. ಕೊಲೆಗಾರ ಯಾವ ಹೆಸರಲ್ಲಿ ಪಾಸ್‌ಪೋರ್ಟ್ ಮಾಡಿಸಿದ, ಬಂದೂಕು ಯಾರಿಂದ ಮಾಡಿಸಿದ, ಗಡಿ ಹೇಗೆ ದಾಟಿದ ಎಂಬುದಕ್ಕೆ ಓದಿದರು. ಚಿಕ್ಕಂದಿನಲ್ಲೇ ಸತ್ತ ಮಗುವಿನ ಜನನ ಪ್ರಮಾಣಪತ್ರ ತೆಗೆಸಿ ಅದರ ಮೇಲೆ ಪಾಸ್‌ಪೋರ್ಟ್ ಮಾಡಿಸುವ ಉಪಾಯ ಅದರಲ್ಲಿದೆ. ಬ್ರಿಟನ್ನಿನಲ್ಲಿ ಆ ವಂಚನೆಗೆ ಕಾದಂಬರಿಯ ಹೆಸರೇ ಅಂಟಿಕೊಂಡಿತು. ಇದೆಲ್ಲ ಕೇಳಿ, ಓಡಾಡಿ, ಬರೆದಿಟ್ಟುಕೊಳ್ಳುವ ವರದಿಗಾರನ ಕೆಲಸವೇ ಅಲ್ವಾ? ಸ್ಪೈ ಕಾದಂಬರಿಯಲ್ಲಿ ಗುಂಡು ಹಾರುವುದು ಎರಡು ಸಾಲು. ಗುಂಡು ಅಲ್ಲಿಗೆ ಬಂದ ಬಗೆ ಇನ್ನೂರು ಪುಟ.

ಈಗ ನಿಮ್ಮ ಕೆಲಸ. ಮೊದಲು ಮುಗಿದುಹೋದ ಒಂದು ನಿಜ ಘಟನೆ ಹುಡುಕಿ. ಅದರ ಸುತ್ತ ದಾಖಲೆ ಇರಬೇಕು, ನಡುವೆ ಒಂದು ತೂತೂ ಇರಬೇಕು.

ನಾನು ಆರಿಸಿಕೊಂಡದ್ದು 1944ರ ಏಪ್ರಿಲ್ 14. ಮುಂಬೈ ಬಂದರಿನ ವಿಕ್ಟೋರಿಯಾ ಡಾಕ್‌ನಲ್ಲಿ 'ಫೋರ್ಟ್ ಸ್ಟಿಕೀನ್' ಎಂಬ ಹಡಗು ನಿಂತಿತ್ತು. ಕರಾಚಿಯಿಂದ ಎರಡು ದಿನ ಮೊದಲು ಬಂದದ್ದು. ಒಳಗೆ ಸುಮಾರು 1,400 ಟನ್ ಸ್ಫೋಟಕ, ಅದರ ಜತೆಗೇ ಹತ್ತಿಯ ಮೂಟೆಗಳು, ಜತೆಗೆ ಚಿನ್ನದ ಗಟ್ಟಿಗಳು! ಮಧ್ಯಾಹ್ನ ಹೊಗೆ ಕಂಡಿತು. 4 ಗಂಟೆ 6 ನಿಮಿಷಕ್ಕೆ ಮೊದಲ ಸ್ಫೋಟ, ಅರ್ಧ ಗಂಟೆಯೊಳಗೆ ಇನ್ನೊಂದು. ನೂರಾರು ಜನ ಸತ್ತರು. ಬೆಂಕಿ ಆರಿಸಲು ಹೋದ 66 ಮಂದಿ ಅಗ್ನಿಶಾಮಕ ಸಿಬ್ಬಂದಿಯೂ ಅದರಲ್ಲಿ ಸೇರಿದ್ದಾರೆ. ವಿಚಾರಣೆಯಲ್ಲಿ ಬೆಂಕಿ ಹತ್ತಿಯಲ್ಲೇ ಹುಟ್ಟಿರಬೇಕು ಎಂದಾಯಿತು.

ತೂತು ಎಲ್ಲಿ? ಯುದ್ಧಕಾಲದ ಸೆನ್ಸಾರ್ ಇದ್ದದ್ದರಿಂದ ವರದಿಗಾರರಿಗೆ ಸುದ್ದಿ ಕಳಿಸಲು ಬಿಟ್ಟದ್ದು ಮೇ ಎರಡನೇ ವಾರದಲ್ಲಿ. ಆದರೆ ಜಪಾನೀಯರ ಹಿಡಿತದಲ್ಲಿದ್ದ ಸೈಗಾನ್ ರೇಡಿಯೊ ಮರುದಿನವೇ ವಿವರವಾಗಿ ಹೇಳಿತು. ಅಷ್ಟು ದೊಡ್ಡ ಹೊಗೆಯನ್ನು ಯಾರು ಬಚ್ಚಿಡುತ್ತಾರೆ ಅನ್ನಬಹುದು. ಸರಿಯೇ. ಆದರೆ ಯಾರೋ ಒಬ್ಬ ಹೇಳಿರಬೇಕಲ್ಲ? ಆ 'ಯಾರೋ ಒಬ್ಬ' ನಿಮ್ಮವನು. ಅವನನ್ನು ಬರೆಯಲು ಯಾರ ಅಪ್ಪಣೆಯೂ ಬೇಡ.

ನೋಟ್‌ಬುಕ್‌ನ ಪುಟದ ನಡುವೆ ಗೆರೆ ಎಳೆಯಿರಿ. ಎಡಗಡೆ ಬದಲಿಸಬಾರದ್ದು: ತಾರೀಖು, ಗಂಟೆ, ಹಡಗಿನ ಹೆಸರು. ಬಲಗಡೆ ನೀವು ಕಟ್ಟಿದ್ದು. ಎಡದ್ದನ್ನು ಮುಟ್ಟಬೇಡಿ. ಅಲ್ಲಿ ಒಂದು ಸುಳ್ಳು ಸಿಕ್ಕಿದರೂ ಓದುಗ ಬಲಗಡೆಯದನ್ನು ನಂಬುವುದಿಲ್ಲ. ಹಳೆಯ ಕಡತಗಳಿಗೆ ಎಲ್ಫಿನ್‌ಸ್ಟನ್ ಕಾಲೇಜು ಕಟ್ಟಡದಲ್ಲಿರುವ ರಾಜ್ಯ ಪತ್ರಾಗಾರ ಇದೆ, ಪುಸ್ತಕಗಳಿಗೆ ಟೌನ್‌ಹಾಲ್‌ನ ಏಷ್ಯಾಟಿಕ್ ಸೊಸೈಟಿ. ಎರಡೂ ಕಡೆ ತಾಳ್ಮೆ ಜಾಸ್ತಿ ಬೇಕು.

ಸ್ಪೈಗೆ ಕೋಟು, ಕಪ್ಪು ಕನ್ನಡಕ ಹಾಕಬೇಡಿ. ಯಾರೂ ತಿರುಗಿ ನೋಡದವನನ್ನು ಹಿಡಿಯಿರಿ. ನನ್ನವನು ಉಡುಪಿ ಕಡೆಯ ಹುಡುಗ. ಹಗಲು ಫೋರ್ಟ್‌ನ ಹೋಟೆಲಿನಲ್ಲಿ ಕೆಲಸ, ರಾತ್ರಿ ಕನ್ನಡ ರಾತ್ರಿಶಾಲೆ. ಹಡಗು ಕಂಪನಿಗಳ ಆಫೀಸಿಗೆ ಚಹಾ ಕೊಂಡೊಯ್ಯುತ್ತಾನೆ. ಚಹಾ ತರುವವನಿಗೆ ಯಾವ ಬಾಗಿಲೂ ಮುಚ್ಚಿರುವುದಿಲ್ಲ. ಅವನ ಎದುರು ಸಾಹೇಬರು ಮಾತು ನಿಲ್ಲಿಸುವುದೂ ಇಲ್ಲ. ಅಣ್ಣನ ಜತೆ ತುಳು, ಶಾಲೆಯಲ್ಲಿ ಕನ್ನಡ, ಧನಿಗಳ ಹತ್ತಿರ ಕೊಂಕಣಿ, ಬೀದಿಯಲ್ಲಿ ಹಿಂದಿ-ಮರಾಠಿ. ಬೇರೆ ವೇಷ ಯಾಕೆ ಬೇಕು ಹೇಳಿ! ಇಂಥವರ ಮಕ್ಕಳು ಮೊಮ್ಮಕ್ಕಳು ಮಾಟುಂಗದಲ್ಲಿ ಬೇಕಾದಷ್ಟಿದ್ದಾರೆ. ಹೋಗಿ ಮಾತಾಡಿಸಿ. ಊಟದ ಹೊತ್ತು ಬಿಟ್ಟು ಹೋಗಿ.

ಆಮೇಲೆ ಅವನು ನಡೆದ ದಾರಿ ನೀವೂ ನಡೆಯಿರಿ. ಮಸ್ಜಿದ್ ಬಂದರ್‌ನಿಂದ ಡಾಕ್‌ಯಾರ್ಡ್ ರೋಡ್‌ವರೆಗೆ, ಕೈಗಡಿಯಾರ ನೋಡಿಕೊಂಡು. ವಿಕ್ಟೋರಿಯಾ ಡಾಕನ್ನು ಈಗ ಮಣ್ಣು ತುಂಬಿಸಿ ಮುಚ್ಚಿದ್ದಾರೆ. ಆದರೂ ದೂರ ಎಷ್ಟು ಅಂತ ಕಾಲಿಗೆ ಗೊತ್ತಾಗುತ್ತದೆ. ನೌಕಾಪಡೆಯ ಲಯನ್ ಗೇಟ್ ಹತ್ತಿರ ಮಾತ್ರ ಫೋನು ಜೇಬಿನಲ್ಲೇ ಇರಲಿ. 1923ರ ಅಧಿಕೃತ ರಹಸ್ಯ ಕಾಯ್ದೆಗೆ 'ನಾನು ಕಾದಂಬರಿಕಾರ' ಅಂದರೆ ಕರುಣೆ ಬರುವುದಿಲ್ಲ. ಇವತ್ತಿನ ಕಾವಲಿನ ವಿವರ ಕಾದಂಬರಿಯಲ್ಲೂ ಬೇಡ.

ಇನ್ನೊಂದು ಎಚ್ಚರಿಕೆ. ತಾನು ಇಪ್ಪತ್ತಕ್ಕೂ ಹೆಚ್ಚು ವರ್ಷ ಬ್ರಿಟನ್ನಿನ ಗುಪ್ತಚರ ಸಂಸ್ಥೆ ಎಂಐ6ಗೆ ಸಂಬಳವಿಲ್ಲದೆ ನೆರವಾಗಿದ್ದೆ ಎಂದು ಫೋರ್ಸಿತ್ 2015ರಲ್ಲಿ ಹೇಳಿಕೊಂಡ. ಓದಲು ರೋಚಕ. ಆದರೆ ನನಗೆ ಒಪ್ಪಿಗೆಯಿಲ್ಲ. ಒಬ್ಬ ವರದಿಗಾರ ಹಾಗೆ ಮಾಡಿದರೆ ಯುದ್ಧಭೂಮಿಯಲ್ಲಿ ಉಳಿದವರೆಲ್ಲರ ಮೇಲೂ ಸಂಶಯ ಬರುತ್ತದೆ. ನೀವು ಬರೆಯಿರಿ, ಸಾಕು.

ಬರೆಯುವ ಹೊತ್ತು? ರಾಯಿಟರ್ಸ್‌ನಲ್ಲೇ ಪಳಗಿದ ಇಯಾನ್ ಫ್ಲೆಮಿಂಗ್ ವರ್ಷಕ್ಕೆ ಎರಡು ತಿಂಗಳು ರಜೆ ಹಾಕಿ ಜಮೈಕಾಗೆ ಹೋಗಿ, ಬೆಳಿಗ್ಗೆ ಬೆಳಿಗ್ಗೆ ಬಾಂಡ್ ಕಥೆ ಬರೆಯುತ್ತಿದ್ದ. ನಮಗೆ ಡೊಂಬಿವಲಿಯ ಸ್ಲೋ ಲೋಕಲ್ ಇದೆ. ಕೂರಲು ಸೀಟು ಸಿಕ್ಕಿದ ದಿನ ಒಂದು ದೃಶ್ಯ, ಸಿಗದ ದಿನ ನಿಂತು ಮೊಬೈಲಿನಲ್ಲಿ ನಾಲ್ಕು ಸಾಲು ಸಂಭಾಷಣೆ.

ನಮ್ಮ ಕಸುಬಿನ ಒಂದು ಚಾಳಿ ಮಾತ್ರ ಬಿಡಬೇಕು. ಮುಖ್ಯ ವಿಷಯವನ್ನೆಲ್ಲ ಮೊದಲ ಪ್ಯಾರಾದಲ್ಲೇ ಸುರಿಯುತ್ತೇವಲ್ಲ, ಅದು. ಸುಲಭ ಉಪಾಯ ಹೇಳುತ್ತೇನೆ. ಅಧ್ಯಾಯವನ್ನು ಮೊದಲು ವರದಿಯ ಹಾಗೇ ಬರೆಯಿರಿ. ಆಮೇಲೆ ಇಂಟ್ರೊ, ಅಂದರೆ ಆ ಮೊದಲ ಪ್ಯಾರಾ, ಕಿತ್ತು ಕೊನೆಗೆ ಹಾಕಿ. 'ಎಂದು ತಿಳಿದುಬಂದಿದೆ', 'ಬಲ್ಲ ಮೂಲಗಳ ಪ್ರಕಾರ' ಎಲ್ಲಿದ್ದರೂ ಹೊಡೆದುಹಾಕಿ. ಗೊತ್ತಿರುವವನ ಬಾಯಿಂದಲೇ ಹೇಳಿಸಿ. ಅವನು ಸುಳ್ಳು ಹೇಳಿದರೆ ಇನ್ನೂ ಒಳ್ಳೆಯದು.

ಮುಗಿದ ಮೇಲೆ ವಾರಪತ್ರಿಕೆಗೆ ಧಾರಾವಾಹಿಯಾಗಿ ಕೊಡಿ, ಬೆಂಗಳೂರಿನ ಪ್ರಕಾಶಕರಿಗೂ ಕಳಿಸಿ. ಆದರೆ ಧಾರಾವಾಹಿ, ಪುಸ್ತಕ, ಆಡಿಯೊ, ಸಿನಿಮಾ, ಈ ಹಕ್ಕುಗಳನ್ನು ಬೇರೆ ಬೇರೆಯಾಗಿ ಬರೆಸಿಕೊಳ್ಳಿ. 'ಜಾಕಲ್' ಸಿನಿಮಾದವರು ಫೋರ್ಸಿತ್ ಮುಂದೆ ಎರಡು ದಾರಿ ಇಟ್ಟಿದ್ದರು: 17,500 ಪೌಂಡ್ ಜತೆಗೆ ಲಾಭದಲ್ಲಿ ಸಣ್ಣ ಪಾಲು, ಇಲ್ಲವೇ ಒಂದೇ ಗಂಟಿಗೆ 20,000 ಪೌಂಡ್. ಅವನು ಗಂಟು ತಗೊಂಡ. ನೀವು ಪಾಲು ಕೇಳಿ.