ಸಬ್‌ವೂಫರ್ ಆಮೇಲೆ, ಮೊದಲು ಎರಡು ಒಳ್ಳೆಯ ಸ್ಪೀಕರ್

ಟಿವಿ ತೆಳ್ಳಗಾಗುತ್ತ ಬಂದ ಹಾಗೆ ಅದರ ದನಿಯೂ ಸೊರಗಿತು. ಗೋಡೆಗೆ ಅಂಟಿ ಕೂತ 43 ಇಂಚಿನ ಪರದೆಯ ಹಿಂದೆ ಸ್ಪೀಕರಿಗೆ ಜಾಗವೇ ಇಲ್ಲ. ಇರುವ ಪುಟ್ಟ ಸ್ಪೀಕರುಗಳೂ ಹೆಚ್ಚಿನ ಸೆಟ್ಟುಗಳಲ್ಲಿ ಕೆಳಕ್ಕೋ ಹಿಂದಕ್ಕೋ ಮುಖ ಮಾಡಿರುತ್ತವೆ. ಹೊಡೆದಾಟ ಶುರುವಾದರೆ ವಾಲ್ಯೂಮ್ ಇಳಿಸಬೇಕು, ಮಾತು ಬಂದರೆ ಏರಿಸಬೇಕು. ರಿಮೋಟ್ ಕೆಳಗಿಡುವ ಹಾಗೇ ಇಲ್ಲ. ಕೊನೆಗೊಂದು ದಿನ, ದಸರಾ ಆಫರೋ ದೀಪಾವಳಿ ಬೋನಸ್ಸೋ ಬಂದಾಗ, ಮನೆಯಲ್ಲಿ ‘ಒಂದು ಹೋಂ ಥಿಯೇಟರ್ ತಂದುಬಿಡೋಣ’ ಎಂಬ ಮಾತು ಬರುತ್ತದೆ.

ಅಂಗಡಿಯಲ್ಲಿ ಮೊದಲು ಕಣ್ಣಿಗೆ ಬೀಳುವುದು 5.1 ಎಂದು ಬರೆದ ದೊಡ್ಡ ಪೆಟ್ಟಿಗೆ. ಒಳಗೆ ಅಂಗೈಯಗಲದ ಐದು ಸ್ಪೀಕರ್, ಒಂದು ಸಬ್‌ವೂಫರ್, ಅಂದರೆ ತೀರಾ ಕೆಳಗಿನ ಸ್ವರಗಳನ್ನು ಮಾತ್ರ ನುಡಿಸುವ ಡಬ್ಬ. ನಿಮ್ಮ ಬಜೆಟ್ ಇಪ್ಪತ್ತು–ಇಪ್ಪತ್ತೈದು ಸಾವಿರದೊಳಗೆ ಇದ್ದರೆ ಇದನ್ನು ಬಿಟ್ಟು ಮುಂದೆ ಹೋಗಿ ಎಂದೇ ನನ್ನ ಸಲಹೆ. ಕಾರಣ ಸರಳ. ಆ ಹಣ ಆರು ಡಬ್ಬಗಳಿಗೆ ಹಂಚಿಹೋಗಿರುತ್ತದೆ. ಎರಡು–ಮೂರು ಇಂಚಿನ ಆ ಪುಟ್ಟ ಕೋನ್‌ಗಳಿಗೆ (ಅಲುಗಿ ಗಾಳಿ ತಳ್ಳುವ ಬಟ್ಟಲುಗಳಿಗೆ) ಗಂಡುದನಿಯ ತಳವನ್ನು ನುಡಿಸುವ ಶಕ್ತಿ ಇರುವುದಿಲ್ಲ. ಗಂಡಸರ ಮಾತಿನ ಮೂಲಸ್ವರ ಸುಮಾರು 85ರಿಂದ 180 ಹರ್ಟ್ಸ್‌ನಲ್ಲಿ, ಅಂದರೆ ಸೆಕೆಂಡಿಗೆ ಅಷ್ಟು ಕಂಪನಗಳಲ್ಲಿ, ಇರುತ್ತದೆ. ಸಣ್ಣ ಸ್ಪೀಕರ್ ಕೈಬಿಟ್ಟ ಆ ಭಾಗವನ್ನು ಮೂಲೆಯಲ್ಲಿ ಕೂತ ಸಬ್‌ವೂಫರ್ ಹೊರಬೇಕಾಗುತ್ತದೆ. ಹಾಗಾಗಿ ನಾಯಕನ ಮುಖ ಟಿವಿಯಲ್ಲಿ, ಗಂಟಲು ಸೋಫಾದ ಪಕ್ಕದಲ್ಲಿ. ಅದೇ ಹಣಕ್ಕೆ ಎರಡೇ ಎರಡು ಒಳ್ಳೆಯ ಸ್ಪೀಕರ್ ತಂದರೆ ಮಾತು ಮೊದಲ ದಿನದಿಂದಲೇ ಬಿಡಿಸಿಟ್ಟ ಹಾಗೆ ಕೇಳಿಸುತ್ತದೆ. ಸಬ್‌ವೂಫರನ್ನು ಮುಂದಿನ ವರ್ಷ ಸೇರಿಸಿಕೊಳ್ಳಬಹುದು.

ಮೊದಲು ಟೇಪು ಹಿಡಿಯಿರಿ

ಹಾಲ್‌ನ ಉದ್ದ, ಅಗಲ, ಸೋಫಾದಿಂದ ಟಿವಿಗಿರುವ ದೂರ ಮೂರನ್ನೂ ಬರೆದುಕೊಂಡು ಅಂಗಡಿಗೆ ಹೋಗಿ. 10 ಅಡಿಗೆ 12 ಅಡಿಯ ಹಾಲಾದರೆ 4ರಿಂದ 5 ಇಂಚಿನ ವೂಫರ್ (ಕೆಳಸ್ವರ ನುಡಿಸುವ ದೊಡ್ಡ ಕೋನ್) ಇರುವ, ಶೆಲ್ಫಿನ ಮೇಲಿಡುವಷ್ಟು ದೊಡ್ಡ ಜೋಡಿ ಸಾಕು. 12ಕ್ಕೆ 18ರ ಹಾಲಿಗೆ, ಅಥವಾ ಊಟದ ಮನೆಯೂ ಹಾಲೂ ಒಂದೇ ಆಗಿರುವ ಕಡೆ, 6.5 ಇಂಚಿನದು ನೋಡಿ. 4 ಇಂಚಿನದಕ್ಕೂ ಇದಕ್ಕೂ ಅಂತರ ಎರಡೂವರೆ ಇಂಚು ಅನ್ನಿಸಿದರೂ ಗಾಳಿ ತಳ್ಳುವ ಮೈ ಎರಡೂವರೆ ಪಟ್ಟಿಗೂ ಹೆಚ್ಚು.

ಸಣ್ಣ ಡಬ್ಬ, ಆಳದ ಬೇಸ್ (ಕೆಳಸ್ವರ), ಕಡಿಮೆ ವ್ಯಾಟಿನಲ್ಲೇ ಜೋರು ದನಿ ಈ ಮೂರೂ ಒಟ್ಟಿಗೆ ಸಿಗುವುದಿಲ್ಲ. 1957ರಲ್ಲಿ ಶುರುವಾದ ಅಮೆರಿಕದ ಕೆಎಲ್‌ಎಚ್ ಕಂಪನಿಯ ಸ್ಥಾಪಕರಲ್ಲಿ ಒಬ್ಬರಾದ ಆಂಟನ್ ಹಾಫ್‌ಮನ್ ಅವರ ಹೆಸರಿನಲ್ಲಿ ಈ ನಿಯಮ ಇಂದಿಗೂ ಓಡಾಡುತ್ತಿದೆ. ಮೂರರಲ್ಲಿ ಎರಡನ್ನು ಆರಿಸಿಕೊಳ್ಳಬೇಕು, ಮೂರನೆಯದನ್ನು ಬಿಡಬೇಕು. ಬಿಬಿಸಿ 1970ರ ದಶಕದಲ್ಲಿ ತನ್ನ ಹೊರಾಂಗಣ ಪ್ರಸಾರದ ವ್ಯಾನುಗಳಿಗೆಂದು ಮಾಡಿಸಿದ ಎಲ್‌ಎಸ್3/5ಎ ಎಂಬ ಪುಟ್ಟ ಸ್ಪೀಕರ್ ಆಳದ ಬೇಸನ್ನೂ ಬಿಟ್ಟಿತು, ಜೋರನ್ನೂ ಬಿಟ್ಟಿತು. ಮನುಷ್ಯರ ದನಿಯನ್ನು ಇದ್ದ ಹಾಗೆ ಕೇಳಿಸುವುದೊಂದನ್ನೇ ಹಿಡಿದುಕೊಂಡಿತು. ಅದನ್ನು ಜನ ಈಗಲೂ ಹುಡುಕಿಕೊಂಡು ಕೊಳ್ಳುತ್ತಾರೆ. ಆದ್ದರಿಂದ ಅಂಗೈಯಗಲದ ಡಬ್ಬಕ್ಕೆ ‘ಎದೆ ನಡುಗಿಸುವ ಬೇಸ್’ ಎಂಬ ಜಾಹೀರಾತು ಕಂಡರೆ ನಂಬಬೇಡಿ.

ಆಂಪ್ ಒಳಗೋ ಹೊರಗೋ

ಸ್ಪೀಕರಿಗೆ ಶಕ್ತಿ ಕೊಡುವ ಆಂಪ್ಲಿಫೈಯರ್ (ಆಂಪ್) ಡಬ್ಬದೊಳಗೇ ಇದ್ದರೆ ಅದು ಆಕ್ಟಿವ್ ಸ್ಪೀಕರ್. ಕರೆಂಟಿನ ಪ್ಲಗ್ ಹಾಕಿ, ಟಿವಿಗೆ ಒಂದು ತಂತಿ ಎಳೆದರೆ ಕೆಲಸ ಮುಗಿಯಿತು. ಆಂಪ್ ಬೇರೆ ಇದ್ದರೆ ಪ್ಯಾಸಿವ್. ಹದಿನೈದು ಸಾವಿರದ ಒಳಗಾದರೆ ಎರಡನೇ ಯೋಚನೆ ಬೇಡ, ಆಕ್ಟಿವ್ ಜೋಡಿಯನ್ನೇ ತನ್ನಿ. ಮೂವತ್ತು ಸಾವಿರ ದಾಟಬಲ್ಲಿರಾದರೆ ಪ್ಯಾಸಿವ್ ಜೋಡಿ ಮತ್ತು ಪ್ರತ್ಯೇಕ ಆಂಪ್ ಒಳ್ಳೆಯದು. ಆಂಪ್ ಕೆಟ್ಟರೆ ಆಂಪ್ ಮಾತ್ರ ಬದಲಾಯಿಸಿದರಾಯಿತು, ಸ್ಪೀಕರ್ ದಶಕಗಟ್ಟಲೆ ಬಾಳುತ್ತದೆ. ಹೀಗೆ ಬೇರೆ ಬೇರೆ ಕೊಳ್ಳುವಾಗ ಓಮ್ (ಕರೆಂಟಿಗೆ ಸ್ಪೀಕರ್ ಒಡ್ಡುವ ತಡೆ) ನೋಡಿಕೊಳ್ಳಿ. ಆಂಪಿನ ಹಿಂಬದಿ ಕನಿಷ್ಠ 6 ಅಥವಾ 8 ಓಮ್ ಎಂದಿದ್ದರೆ 4 ಓಮ್‌ನ ಸ್ಪೀಕರ್ ಸೇರಿಸಬಾರದು. ಸೇರಿಸಿದರೆ ಆಂಪ್ ಕಾದು ಕೈಕೊಡಬಹುದು.

ಮೊದಲೇ ಗಮನಿಸಿ: ಆಕ್ಟಿವ್ ಜೋಡಿಯ ಹಿಂದೆ ‘ಸಬ್ ಔಟ್’ ಎಂಬ ತೂತು ಇದೆಯೇ? ಇದ್ದರೆ ಮುಂದೆ ಸಬ್‌ವೂಫರ್ ಸೇರಿಸುವುದು ಸುಲಭ. ಇಲ್ಲದಿದ್ದರೆ ಮತ್ತೊಂದು ಖರ್ಚು ಕಾದಿರುತ್ತದೆ.

ಡಬ್ಬದ ಮೇಲಿನ ಅಂಕಿ

ಪಿಎಂಪಿಒ (ಕ್ಷಣಮಾತ್ರದ ಗರಿಷ್ಠ ಶಕ್ತಿ) ಎಂದು ಬರೆದ ವ್ಯಾಟುಗಳನ್ನು ಓದಲೇಬೇಡಿ, ಆ ಅಂಕಿಗೆ ಬೆಲೆಯಿಲ್ಲ. ಆರ್‌ಎಂಎಸ್, ಅಂದರೆ ಎಡೆಬಿಡದೆ ಕೊಡಬಲ್ಲ ವ್ಯಾಟ್, ಎಷ್ಟು ಎಂದು ಕೇಳಿ. ಅದೂ ಗೊತ್ತಾಗದಿದ್ದರೆ ಹಿಂಬದಿಯ ಚೀಟಿಯಲ್ಲಿ ಕರೆಂಟು ಎಷ್ಟು ವ್ಯಾಟ್ ಎಳೆಯುತ್ತದೆ ಎಂದು ನೋಡಿದರೆ ಅಂದಾಜು ಸಿಗುತ್ತದೆ. 60 ವ್ಯಾಟ್ ಎಳೆಯುವ ಡಬ್ಬ 5000 ವ್ಯಾಟನ್ನು ಎಲ್ಲಿಂದ ತಂದೀತು?

ವ್ಯಾಟಿಗಿಂತ ಮುಖ್ಯವಾದ ಅಂಕಿ ಸೆನ್ಸಿಟಿವಿಟಿ. ಒಂದು ವ್ಯಾಟ್ ಕೊಟ್ಟಾಗ ಒಂದು ಮೀಟರ್ ದೂರದಲ್ಲಿ ಎಷ್ಟು ಡೆಸಿಬೆಲ್ ಎಂಬ ಲೆಕ್ಕ ಅದು. ವ್ಯಾಟ್ ಇಮ್ಮಡಿಯಾದರೆ ದನಿ ಏರುವುದು ಬರೀ 3 ಡೆಸಿಬೆಲ್. ಅಂದರೆ 85 ಡೆಸಿಬೆಲ್‌ನ ಸ್ಪೀಕರಿಗೆ 100 ವ್ಯಾಟ್ ಕೊಟ್ಟರೆ ಸಿಗುವಷ್ಟೇ ಜೋರು, 88ರ ಸ್ಪೀಕರಿಗೆ 50 ವ್ಯಾಟಿನಲ್ಲೇ ಸಿಗುತ್ತದೆ. ದನಿ ಕಿವಿಗೆ ಎರಡರಷ್ಟು ಜೋರು ಅನ್ನಿಸಬೇಕಾದರೆ ಸುಮಾರು ಹತ್ತು ಪಟ್ಟು ವ್ಯಾಟ್ ಬೇಕು. 40 ವ್ಯಾಟಿನ ಜೋಡಿಗೂ 60 ವ್ಯಾಟಿನ ಜೋಡಿಗೂ ನಡುವೆ ಒದ್ದಾಡುವವರಿಗೆ ಇಷ್ಟು ಸಾಕು. ಎರಡೂ ಒಂದೇ, ದನಿ ಹಿಡಿಸಿದ್ದನ್ನು ತನ್ನಿ.

‘40 ಹರ್ಟ್ಸ್‌ನಿಂದ 20,000 ಹರ್ಟ್ಸ್’ ಎಂದು ಬರೆದಿದ್ದರೆ ಪಕ್ಕದಲ್ಲಿ ‘±3 ಡೆಸಿಬೆಲ್’, ಅಂದರೆ ದನಿ ಅದಕ್ಕಿಂತ ಹೆಚ್ಚು ಏರಿಳಿಯದು ಎಂಬ ಮಾತು, ಇದೆಯೇ ಎಂದು ಹುಡುಕಿ. ಅದಿಲ್ಲದಿದ್ದರೆ 40 ಹರ್ಟ್ಸ್ ಕೇಳಿಸುತ್ತದೋ ಇಲ್ಲವೋ ಹೇಳಲು ಬಾರದು.

ಕರಾವಳಿ, ಮಲೆನಾಡಿನವರಿಗೆ ಒಂದು ಮಾತು. ಕೋನ್‌ನ ಅಂಚಿನ ಬಳೆ ರಬ್ಬರಿನದೇ ಇರಲಿ. ಫೋಮಿನ ಅಂಚು ತೇವಕ್ಕೆ ಬೇಗ ಪುಡಿಯಾಗುತ್ತದೆ. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಆ ಅಂಚನ್ನು ಬೆರಳಿನಿಂದ ಮುಟ್ಟಿ ನೋಡಿ. ಆಮೇಲೆ ಕೋನನ್ನು ನಾಲ್ಕು ಬೆರಳಿಂದ ಸಮನಾಗಿ, ಮೆಲ್ಲಗೆ ಒಳಕ್ಕೆ ಒತ್ತಿ. ಕರಕರ ಎಂದು ಉಜ್ಜುವ ಸದ್ದು ಬಂದರೆ ಒಳಗಿನ ಕಾಯಿಲ್ ಜಾಗ ತಪ್ಪಿದೆ ಎಂದರ್ಥ, ಎಷ್ಟೇ ಅಗ್ಗವಾಗಿದ್ದರೂ ಬೇಡ.

ಅಂಗಡಿಯಲ್ಲಿ ಏನು ಕೇಳಬೇಕು

ಅಂಗಡಿಯವರ ಡೆಮೊ ಹಾಡು ಬೇಡ. ಅದರಲ್ಲಿ ಎಲ್ಲವೂ ಚೆನ್ನಾಗಿಯೇ ಕೇಳಿಸುತ್ತದೆ. ನಿಮಗೆ ಬಾಯಿಪಾಠವಾಗಿರುವುದನ್ನು ಮೊಬೈಲಿನಲ್ಲಿ ಇಟ್ಟುಕೊಂಡು ಹೋಗಿ. ನಾನು ಹೇಳುವುದು ಮೂರು. ಮೊದಲನೆಯದು ಗಂಡುದನಿಯ ವಾರ್ತೆ. ಮಾತು ಎದೆಯಿಂದ ಗುಂ ಎನ್ನದೆ, ಮೂಗಿನಿಂದಲೂ ಬರದೆ, ಎದುರು ಕೂತು ಆಡಿದಂತಿರಬೇಕು. ಎರಡನೆಯದು ಮೃದಂಗದ ತನಿ. ಎಡಗೈಯ ತೊಪ್ಪಿಯ ‘ಗುಂಕಿ’ ಮೇಲಕ್ಕೆ ಜಾರುವುದು ಕೇಳಿಸಬೇಕು. ಅಗ್ಗದ ಸ್ಪೀಕರಿನಲ್ಲಿ ಅದೇ ಒಂದು ಗುದ್ದಾಗಿ ಮುಗಿದುಹೋಗುತ್ತದೆ. ಮೂರನೆಯದು ಯಕ್ಷಗಾನ. ಚೆಂಡೆ ಏರುವಾಗ ಭಾಗವತರ ಪದ ಅದರಡಿ ಮುಚ್ಚಿಹೋಗಬಾರದು, ಜಾಗಟೆ ಕಿವಿಗೆ ಚುಚ್ಚಬಾರದು. ಚೆಂಡೆ, ಪದ, ಜಾಗಟೆ ಮೂರನ್ನೂ ಬೇರೆ ಬೇರೆಯಾಗಿ ಕೇಳಿಸುವ ಸ್ಪೀಕರ್ ಸಿನಿಮಾಕ್ಕೂ ಒದಗುತ್ತದೆ.

ಬೇಸ್, ಟ್ರೆಬಲ್ ಎರಡನ್ನೂ ಸೊನ್ನೆಗೆ ಇಡಿಸಿ. ಎರಡು ಜೋಡಿ ಹೋಲಿಸುವಾಗ ವಾಲ್ಯೂಮ್ ಒಂದೇ ಮಟ್ಟದಲ್ಲಿರಲಿ. ಚೂರು ಜೋರಾಗಿರುವುದೇ ಚೆನ್ನಾಗಿದೆ ಎಂದು ಕಿವಿ ಹೇಳಿಬಿಡುತ್ತದೆ.

ಮನೆಯಲ್ಲಿ ಇಡುವುದು

ಇದಕ್ಕೆ ಕಾಸು ಬೇಡ, ಆದರೆ ಹತ್ತು ಸಾವಿರದ ಜೋಡಿಯನ್ನು ಇಪ್ಪತ್ತು ಸಾವಿರದ್ದರಂತೆ ನುಡಿಸುವುದು ಇದೇ. ಶೋಕೇಸಿನ ಗೂಡಿನೊಳಗೆ ತುರುಕಬೇಡಿ. ಮಡಕೆಯೊಳಗೆ ಬಾಯಿಟ್ಟು ಮಾತಾಡಿದ ಹಾಗೆ ಕೇಳಿಸುತ್ತದೆ. ಟ್ವೀಟರ್ (ಮೇಲಿನ ಸ್ವರ ನುಡಿಸುವ ಪುಟ್ಟ ಭಾಗ) ಕೂತವರ ಕಿವಿಯ ಎತ್ತರಕ್ಕೆ, ಅಂದರೆ ನೆಲದಿಂದ ಮೂರು ಅಡಿ ಆಸುಪಾಸು ಬರಲಿ. ಸ್ಟ್ಯಾಂಡಿಗೆ ದುಡ್ಡಿಲ್ಲವಾದರೆ ಗಟ್ಟಿಯಾದ ಸ್ಟೂಲ್ ಸಾಕು. ಟಿವಿ ಸ್ಟ್ಯಾಂಡಿನ ಮೇಲೇ ಇಡಬೇಕಾದರೆ ಮುಂಭಾಗಕ್ಕೆ ರಬ್ಬರ್ ತುಂಡು ಕೊಟ್ಟು ಮುಖ ಸ್ವಲ್ಪ ಮೇಲಕ್ಕೆ ವಾಲಿಸಿ. ಎರಡು ಸ್ಪೀಕರ್ ಮತ್ತು ನಿಮ್ಮ ತಲೆ ಸೇರಿ ಹೆಚ್ಚುಕಡಿಮೆ ಸಮಭುಜ ತ್ರಿಕೋನವಾಗಲಿ. ಹಿಂದೆ ಗಾಳಿತೂತು ಇದ್ದರೆ ಗೋಡೆಯಿಂದ ಮುಕ್ಕಾಲು ಅಡಿಯಾದರೂ ಮುಂದಿರಲಿ.

ವಿಟ್ರಿಫೈಡ್ ಟೈಲ್ಸ್, ಬರಿಯ ಗೋಡೆ, ಗಾಜಿನ ಕಿಟಕಿ ಇರುವ ಹಾಲಿನಲ್ಲಿ ಮಾತು ಗೊಜಗೊಜ ಎನ್ನುತ್ತದೆ. ಸೋಫಾ ಮುಂದೆ ಒಂದು ಜಮಖಾನ, ಕಿಟಕಿಗೆ ದಪ್ಪ ಪರದೆ ಹಾಕಿ ನೋಡಿ.

ಪ್ಯಾಸಿವ್ ಜೋಡಿಗೆ 16 ಗೇಜಿನ ತಾಮ್ರದ ತಂತಿ ಸಾಕು. ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಿ ಮೀಟರ್ ಲೆಕ್ಕದಲ್ಲೇ ಕೊಡುತ್ತಾರೆ. ಕೊಳ್ಳುವ ಮುನ್ನ ಒಂದು ಎಳೆಯನ್ನು ಬ್ಲೇಡಿನಿಂದ ಹೆರೆದು ನೋಡಿ. ಕೆಂಪಿನಡಿ ಬಿಳಿ ಕಂಡರೆ ಅದು ತಾಮ್ರದ ಲೇಪ ಕೊಟ್ಟ ಅಲ್ಯೂಮಿನಿಯಂ. ಜೋಡಿಸುವಾಗ ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು. ಒಂದು ಕಡೆ ತಿರುಗುಮುರುಗಾದರೆ ಸ್ಪೀಕರ್ ಸುಡುವುದೇನಿಲ್ಲ, ಆದರೆ ಬೇಸ್ ಮಾಯವಾಗುತ್ತದೆ, ಮಾತು ಎಲ್ಲಿಂದ ಬರುತ್ತಿದೆ ಎಂದೇ ತಿಳಿಯುವುದಿಲ್ಲ. ವಾರ್ತೆ ಹಾಕಿ ನಡುವೆ ಕೂತುಕೊಳ್ಳಿ. ದನಿ ಟಿವಿಯ ನಟ್ಟನಡುವಿನಿಂದ ಬಂದರೆ ಸರಿಯಾಗಿದೆ.

ಟಿವಿಗೆ ಸೇರಿಸಲು ಎಚ್‌ಡಿಎಂಐ ಎಆರ್‌ಸಿ (ಟಿವಿಯ ದನಿಯನ್ನು ಹೊರಗೆ ಕಳಿಸುವ ಎಚ್‌ಡಿಎಂಐ ತೂತು) ಇದ್ದರೆ ಎಲ್ಲಕ್ಕಿಂತ ಅನುಕೂಲ, ಟಿವಿ ರಿಮೋಟಿನಲ್ಲೇ ವಾಲ್ಯೂಮ್ ನಡೆಯುತ್ತದೆ. ಆಪ್ಟಿಕಲ್ ತಂತಿ ಹಾಕಿದ ಮೇಲೆ ಕೆಲವು ಚಾನೆಲ್, ಆ್ಯಪ್‌ಗಳಲ್ಲಿ ಸದ್ದೇ ಬರದಿದ್ದರೆ ಸ್ಪೀಕರನ್ನು ವಾಪಸ್ ಮಾಡಲು ಓಡಬೇಡಿ. ಟಿವಿಯ ಸೌಂಡ್ ಸೆಟ್ಟಿಂಗಿಗೆ ಹೋಗಿ ಡಿಜಿಟಲ್ ಔಟ್‌ಪುಟ್ಟನ್ನು ‘ಪಿಸಿಎಂ’ (ಸಾದಾ ಡಿಜಿಟಲ್ ದನಿ) ಮಾಡಿ. ಸಾದಾ ಸ್ಪೀಕರುಗಳಿಗೆ ಡಾಲ್ಬಿ ಸಂಕೇತ ಬಿಡಿಸಲು ಬರುವುದಿಲ್ಲ. ಸಿನಿಮಾಕ್ಕೆ ಬ್ಲೂಟೂತ್ ಬೇಡ, ತುಟಿಗೂ ಮಾತಿಗೂ ತಾಳ ತಪ್ಪಬಹುದು.

ಈಗ ಸಬ್‌ವೂಫರ್

ಕೆಲವು ತಿಂಗಳು ಈ ಜೋಡಿಯನ್ನು ಕೇಳಿ. ಎಷ್ಟೋ ಮನೆಗಳಲ್ಲಿ, ಅದರಲ್ಲೂ ಹಾಡು, ಧಾರಾವಾಹಿ, ಕ್ರಿಕೆಟ್ಟಿಗೆ ಮಾತ್ರ ಟಿವಿ ಹಾಕುವ ಕಡೆ, ಸಬ್‌ವೂಫರ್ ಬೇಕೆಂದೇ ಅನ್ನಿಸುವುದಿಲ್ಲ. ಆದರೆ ಬೇಸ್ ಗಿಟಾರಿನ ಅತಿ ಕೆಳಗಿನ ತಂತಿ 41 ಹರ್ಟ್ಸ್‌ನಲ್ಲಿ ನುಡಿಯುತ್ತದೆ. ಸಿನಿಮಾದ ಗುಡುಗು, ಸ್ಫೋಟ ಅದಕ್ಕೂ ಕೆಳಗೆ ಹೋಗುತ್ತದೆ. 5 ಇಂಚಿನ ವೂಫರಿಗೆ ಅಲ್ಲಿ ಕೆಲಸವಿಲ್ಲ. ಅದು ಬೇಕೆನ್ನುವವರು ಸಣ್ಣ ಹಾಲಿಗೆ 8 ಇಂಚು, ದೊಡ್ಡದಕ್ಕೆ 10 ಇಂಚು ತನ್ನಿ. ಮುಚ್ಚಿದ ಡಬ್ಬದ ಬೇಸ್ ಬಿಗಿಯಾಗಿರುತ್ತದೆ. ತೂತಿರುವ ಡಬ್ಬ ಅದೇ ವ್ಯಾಟಿಗೆ ಹೆಚ್ಚು ಸದ್ದು ಕೊಡುತ್ತದೆ. ಹಾಡಿಗಾದರೆ ಮೊದಲನೆಯದು, ಸಿನಿಮಾಕ್ಕಾದರೆ ಎರಡನೆಯದು.

ಎಲ್ಲಿಡುವುದು ಎಂಬುದೇ ದೊಡ್ಡ ಪ್ರಶ್ನೆ. 12 ಅಡಿ ಉದ್ದದ ಕೋಣೆ ತನ್ನಷ್ಟಕ್ಕೇ ಸುಮಾರು 47 ಹರ್ಟ್ಸ್‌ನಲ್ಲಿ ಮೊರೆಯುತ್ತದೆ, 10 ಅಡಿಯ ಅಗಲ 56ರಲ್ಲಿ. ಆ ಸ್ವರಗಳು ಗೋಡೆಯ ಬಳಿ ಉಬ್ಬುತ್ತವೆ, ಕೋಣೆಯ ನಡುವೆ ಅಡಗುತ್ತವೆ. ಹಾಗಾಗಿ ಸಬ್‌ವೂಫರ್ ಎರಡು ಅಡಿ ಸರಿದರೆ ಬೇಸ್ ಬೇರೆಯೇ ಆಗುತ್ತದೆ. ಒಂದು ಸಂಜೆ ಹೀಗೆ ಮಾಡಿ: ಸೋಫಾ ಪಕ್ಕಕ್ಕೆ ಸರಿಸಿ, ನೀವು ಕೂರುವ ಜಾಗದಲ್ಲೇ ಸಬ್‌ವೂಫರ್ ಇಡಿ. ಬೇಸ್ ಗಿಟಾರ್ ಮೇಲೆ ಕೆಳಗೆ ಓಡಾಡುವ ಹಾಡೊಂದನ್ನು ಮತ್ತೆ ಮತ್ತೆ ನುಡಿಸುತ್ತ, ಗೋಡೆಯ ಉದ್ದಕ್ಕೂ ಅಂಬೆಗಾಲಿಟ್ಟು ಹೋಗಿ. ಕಿವಿ ನೆಲದಿಂದ ಒಂದಡಿ ಮೇಲಿರಲಿ. ಕೆಲವು ಕಡೆ ಒಂದೇ ಸ್ವರ ಗುಂಯ್ ಎಂದು ಮೇಲೇಳುತ್ತದೆ, ಕೆಲವು ಕಡೆ ಒಂದೆರಡು ಸ್ವರ ಇಲ್ಲವೇ ಇಲ್ಲ ಎನ್ನುವ ಹಾಗೆ ಅಡಗುತ್ತದೆ. ಎಲ್ಲ ಸ್ವರಗಳೂ ಸಮನಾಗಿ ಕೇಳಿಸುವ ಜಾಗಕ್ಕೆ ಚಾಕ್‌ಪೀಸಿನಲ್ಲಿ ಗುರುತು ಹಾಕಿ, ಸಬ್‌ವೂಫರನ್ನು ಅಲ್ಲಿಗೆ ತನ್ನಿ. ಇಡುವ ಜಾಗವನ್ನೂ ಕೇಳುವ ಜಾಗವನ್ನೂ ಅದಲುಬದಲು ಮಾಡಿದರೆ ಬೇಸ್ ಹಾಗೇ ಉಳಿಯುತ್ತದೆ, ಆದ್ದರಿಂದಲೇ ಈ ಉಪಾಯ ಫಲಿಸುತ್ತದೆ. ಮೂಲೆಯಲ್ಲಿಟ್ಟರೆ ಬೇಸ್ ಹೆಚ್ಚುತ್ತದೆ ನಿಜ, ಹೆಚ್ಚುವುದು ಸಾಮಾನ್ಯವಾಗಿ ಗುಂಯ್ ಎನ್ನುವ ಆ ಒಂದೆರಡು ಸ್ವರಗಳೇ.

ಹಿಂಬದಿಯ ಗುಂಡಿಗಳು ಮೂರು. ಕ್ರಾಸ್‌ಓವರ್ ಎಂದರೆ ಯಾವ ಸ್ವರದಿಂದ ಕೆಳಗಿನದು ಸಬ್‌ವೂಫರಿಗೆ ಎಂಬ ಗಡಿ, ಅದನ್ನು 80 ಹರ್ಟ್ಸ್ ಬಳಿ ಇಟ್ಟು ಶುರು ಮಾಡಿ. ಅದಕ್ಕಿಂತ ತೀರಾ ಮೇಲೆ ಹೋದರೆ ಸದ್ದು ಯಾವ ಮೂಲೆಯಿಂದ ಬರುತ್ತಿದೆ ಎಂದು ಕಿವಿಗೆ ಗೊತ್ತಾಗತೊಡಗುತ್ತದೆ. ಎವಿ ರಿಸೀವರ್ (ದನಿಯನ್ನು ಎಲ್ಲ ಸ್ಪೀಕರಿಗೂ ಹಂಚುವ ಆಂಪ್) ಇದ್ದರೆ 80 ಎಂಬುದನ್ನು ಅದರಲ್ಲೇ ಕೊಟ್ಟು, ಸಬ್‌ವೂಫರಿನ ಗುಂಡಿಯನ್ನು ತುದಿಗೆ ತಿರುಗಿಸಿಬಿಡಿ. ಸಬ್‌ವೂಫರಿನ ಕಂಪನವನ್ನು ಸ್ಪೀಕರುಗಳ ಕಂಪನಕ್ಕೆ ಹೊಂದಿಸುವ ಫೇಸ್ ಸ್ವಿಚ್ಚಿಗೆ ಇನ್ನೊಬ್ಬರ ಸಹಾಯ ಬೇಕು. ನೀವು ಸೋಫಾದಲ್ಲಿ ಕೂತಿರಿ, ಅವರು 0 ಮತ್ತು 180ರ ನಡುವೆ ಬದಲಾಯಿಸಲಿ. ಬೇಸ್ ಯಾವುದರಲ್ಲಿ ತುಂಬಿ ಕೇಳಿಸುತ್ತದೋ ಅದೇ ಸರಿ. ಕೊನೆಗೆ ವಾಲ್ಯೂಮ್. ಮತ್ತೆ ಅದೇ ಗಂಡುದನಿಯ ವಾರ್ತೆ ಹಾಕಿ. ಓದುವವರ ದನಿ ದಪ್ಪಗಾಗಿದ್ದರೆ ಸಬ್‌ವೂಫರ್ ಹೆಚ್ಚಾಗಿದೆ, ಇಳಿಸಿ. ಮಾತು ಬದಲಾಗಬಾರದು, ಆದರೆ ಆಫ್ ಮಾಡಿದಾಗ ಹಾಡು ಬಡವಾಯಿತು ಅನ್ನಿಸಬೇಕು. ಗುಂಡಿಯನ್ನು ಅಲ್ಲಿಗೇ ಬಿಡಿ.

ಅಪಾರ್ಟ್‌ಮೆಂಟಿನಲ್ಲಿರುವವರು ಅಡಿಯಲ್ಲಿ ದಪ್ಪ ರಬ್ಬರ್ ಮ್ಯಾಟ್ ಹಾಸಿ. ನಡುಕ ನೆಲಕ್ಕೆ ಇಳಿಯುವುದು ಕಡಿಮೆಯಾಗುತ್ತದೆ. ಆದರೆ ಗಾಳಿಯಲ್ಲಿ ಹೋಗುವ ಬೇಸನ್ನು ಮ್ಯಾಟ್ ತಡೆಯದು, ಸ್ಲ್ಯಾಬ್ ದಾಟಿ ಕೆಳಗಿನ ಮನೆಯವರ ಮಂಚದವರೆಗೂ ಹೋಗುತ್ತದೆ. ರಾತ್ರಿ ಹತ್ತರ ಮೇಲೆ ಸಬ್‌ವೂಫರಿನ ಸ್ವಿಚ್ ಆಫ್ ಮಾಡಿ, ಎರಡು ಸ್ಪೀಕರಿನಲ್ಲೇ ಕೇಳಿ.