ಪ್ರಾದೇಶಿಕ ಪುರವಣಿ ಅಂಚೆಗೆ ಹೋಗುವ ಮುನ್ನ

ರಾಜ್ಯದಾದ್ಯಂತ ಚಂದಾದಾರರಿರುವ ಮಾಸಪತ್ರಿಕೆಯೊಂದು ಕರಾವಳಿಗೆ ಒಂದು, ಕಲ್ಯಾಣ ಕರ್ನಾಟಕಕ್ಕೆ ಇನ್ನೊಂದು ಎಂದು ಪುರವಣಿ ಹೊರತರಲು ಹೊರಟಾಗ ಎಲ್ಲರ ಗಮನವೂ ಲೇಖನ, ಚಿತ್ರಗಳ ಮೇಲೆಯೇ ಇರುತ್ತದೆ. ಅಂಚೆಯ ವಿಚಾರ ನೆನಪಾಗುವುದು ಕಟ್ಟುಗಳು ಮುದ್ರಣಾಲಯದಿಂದ ಬಂದು ಇಳಿದ ಮೇಲೆ. ಆದರೆ ಪುರವಣಿಯು ಪತ್ರಿಕೆಯ ರಿಯಾಯಿತಿ ದರದಲ್ಲೇ ಸಾಗುತ್ತದೆಯೇ ಇಲ್ಲವೇ ಎಂಬುದು ಪುಟವಿನ್ಯಾಸ ಮಾಡುವಾಗಲೇ ತೀರ್ಮಾನವಾಗಿರುತ್ತದೆ. ಆದ್ದರಿಂದ ಕೆಲಸವನ್ನು ಅಲ್ಲಿಂದಲೇ ಆರಂಭಿಸಬೇಕು.

ಮೊದಲು ನೋಂದಣಿ. ಪತ್ರಿಕೆಯ ಹೆಸರು ಭಾರತದ ಪತ್ರಿಕಾ ಮಹಾನೋಂದಣಾಧಿಕಾರಿಗಳಲ್ಲಿ ನೋಂದಣಿಯಾಗಿರಬೇಕು. ಈ ನೋಂದಣಿಗೆ ಸಂಬಂಧಿಸಿದ 2023ರ ಹೊಸ ಪತ್ರಿಕಾ ನೋಂದಣಿ ಕಾಯಿದೆ 2024ರ ಮಾರ್ಚ್ 1ರಿಂದ ಜಾರಿಗೆ ಬಂದಿದೆ. ಇದರ ಮೇಲೆ ಅಂಚೆ ರಿಯಾಯಿತಿಗಾಗಿ ನಿಮ್ಮ ವಿಭಾಗದ ಅಂಚೆ ಅಧೀಕ್ಷಕರಲ್ಲಿ ಪ್ರತ್ಯೇಕ ನೋಂದಣಿ ಮಾಡಿಸಿಕೊಳ್ಳಬೇಕು. ಎರಡು ಸಂಚಿಕೆಗಳ ನಡುವಿನ ಅಂತರ 31 ದಿನ ಮೀರಬಾರದು ಮತ್ತು ನಿಜವಾದ ಚಂದಾದಾರರ ಪಟ್ಟಿ ಇರಬೇಕು ಎಂಬುದು ಇಲ್ಲಿನ ಮೂಲ ಷರತ್ತು. ಹೀಗಾಗಿ ದ್ವೈಮಾಸಿಕ, ತ್ರೈಮಾಸಿಕಗಳಿಗೆ ಈ ದಾರಿಯಿಲ್ಲ.

ಎರಡನೆಯದು ಪುರವಣಿಯ ರೂಪ. ಇದಕ್ಕೆ ಅಳತೆಗೋಲನ್ನು ಕೊಟ್ಟದ್ದು 1898ರ ಅಂಚೆ ಕಚೇರಿ ಕಾಯಿದೆಯ 9ನೇ ಸೆಕ್ಷನ್. ಪುರವಣಿಯ ಮೇಲೆ ಪತ್ರಿಕೆಯ ದಿನಾಂಕವೇ ಇರಬೇಕು, ಅದು ಪತ್ರಿಕೆಯ ಜೊತೆಯಲ್ಲೇ ಸಾಗಬೇಕು, ಅದರ ಬಹುಪಾಲು ಪತ್ರಿಕೆಯಲ್ಲಿರುವಂಥ ಬರಹವೇ ಆಗಿರಬೇಕು, ಮತ್ತು ಪ್ರತಿ ಪುಟದ ನೆತ್ತಿಯಲ್ಲೂ ಪತ್ರಿಕೆಯ ಹೆಸರು ಹಾಗೂ ದಿನಾಂಕ ಅಚ್ಚಾಗಿರಬೇಕು ಎಂದು ಅದು ಹೇಳಿತ್ತು. ಆ ಕಾಯಿದೆಯ ಜಾಗಕ್ಕೆ 2024ರ ಜೂನ್ 18ರಿಂದ 2023ರ ಅಂಚೆ ಕಚೇರಿ ಕಾಯಿದೆ ಬಂದಿದೆಯಾದರೂ, ಪುರವಣಿಯನ್ನು ಈ ನಾಲ್ಕು ಮಾತಿಗೆ ಹೊಂದಿಸಿ, ಮಾದರಿ ಪ್ರತಿಯನ್ನು ವಿಭಾಗೀಯ ಕಚೇರಿಗೆ ತೋರಿಸಿ, ಲಿಖಿತ ಒಪ್ಪಿಗೆ ಪಡೆದ ಮೇಲೆಯೇ ಅಚ್ಚಿಗೆ ಕೊಡುವುದು ಸುರಕ್ಷಿತ.

‘ಪ್ರತಿ ಪುಟ’ ಎಂಬ ಮಾತನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ನಾನು ದುಡಿಯುತ್ತಿದ್ದ ಮಾಸಪತ್ರಿಕೆಯೊಂದರಲ್ಲಿ ಪುರವಣಿಯ ಮೂರನೇ ಪುಟಕ್ಕೆ ಇಡೀ ಪುಟದ ಚಿತ್ರ ಹಾಕುವ ಆಸೆಯಿಂದ ಮೇಲಿನ ಸಾಲನ್ನು ತೆಗೆದಿದ್ದೆವು. ಕಟ್ಟು ಬಿಚ್ಚಿ ನೋಡಿದ ಸಿಬ್ಬಂದಿ ಬೆರಳಿಟ್ಟದ್ದು ಆ ಪುಟದ ಮೇಲೆಯೇ. ಅಂದು ಸಂಜೆಯವರೆಗೆ ಕುಳಿತು ಪುರವಣಿಗಳನ್ನೆಲ್ಲ ಹೊರತೆಗೆದು, ಪತ್ರಿಕೆಯನ್ನಷ್ಟೇ ಕಳುಹಿಸಿದೆವು. ಊರಿನ ಸುದ್ದಿಗಾಗಿ ಕಾದಿದ್ದ ಓದುಗರಿಗೆ ಆ ತಿಂಗಳು ಅದು ತಲುಪಲೇ ಇಲ್ಲ. ಅದು ಈಗಲೂ ನನ್ನನ್ನು ಕಾಡುತ್ತದೆ.

ಮೂರನೆಯದು ತೂಕ. ಬಿಡಿ ಪ್ರತಿಗೆ 50 ಗ್ರಾಂವರೆಗೆ 25 ಪೈಸೆ, 50ರಿಂದ 100 ಗ್ರಾಂವರೆಗೆ 50 ಪೈಸೆ ಎಂಬ ಬಹುಕಾಲದ ದರವನ್ನೇ ಲೆಕ್ಕಕ್ಕೆ ಇಟ್ಟುಕೊಳ್ಳೋಣ. ಎ4 ಅಳತೆಯ 60 ಜಿಎಸ್‌ಎಂ (ಚದರ ಮೀಟರಿಗೆ 60 ಗ್ರಾಂ ತೂಗುವ) ಹಾಳೆಯೊಂದು ಸುಮಾರು 3.75 ಗ್ರಾಂ ತೂಗುತ್ತದೆ. 24 ಪುಟಗಳ ಪತ್ರಿಕೆ, ಅಂದರೆ 12 ಹಾಳೆ, 45 ಗ್ರಾಂ. ನಾಲ್ಕು ಪುಟಗಳ ಪುರವಣಿ ಸೇರಿದರೆ 52.5 ಗ್ರಾಂ. ಎರಡೂವರೆ ಗ್ರಾಂ ಹೆಚ್ಚಾದುದಕ್ಕೆ 2,000 ಪ್ರತಿಗಳ ಅಂಚೆವೆಚ್ಚ 500 ರೂಪಾಯಿಯಿಂದ 1,000 ರೂಪಾಯಿಗೆ ಏರುತ್ತದೆ. ಅದನ್ನೇ 54 ಜಿಎಸ್‌ಎಂ ಕಾಗದದಲ್ಲಿ ಅಚ್ಚು ಹಾಕಿಸಿದರೆ 47.25 ಗ್ರಾಂಗೆ ನಿಲ್ಲುತ್ತದೆ. ವಿಳಾಸದ ಚೀಟಿ, ಸುತ್ತುವ ಕಾಗದ, ಪಿನ್ನುಗಳನ್ನೂ ಸೇರಿಸಿಯೇ ತೂಗಿ ನೋಡಬೇಕು. ಜಾಹೀರಾತುದಾರರು ಕೊಟ್ಟ ಬಿಡಿ ಕರಪತ್ರವನ್ನು ಒಳಗೆ ತುರುಕಲೇಬಾರದು. ಅದು ಪುರವಣಿಯಲ್ಲ, ಇಡೀ ಪ್ರತಿಯ ರಿಯಾಯಿತಿಗೆ ಕುತ್ತು ತರುತ್ತದೆ.

ನಾಲ್ಕನೆಯದು ವಿಂಗಡಣೆ. ಪಿನ್ ಕೋಡಿನ ಮೊದಲ ಮೂರು ಅಂಕಿಗಳನ್ನು ನೋಡಿ ಪುರವಣಿ ಹಂಚುವುದು ಸುಲಭವೆಂದು ತೋರುತ್ತದೆ: 585 ಎಂದರೆ ಕಲಬುರಗಿಯ ಕಡೆ, 575 ಎಂದರೆ ಮಂಗಳೂರು. ಆದರೆ 581 ಮೋಸ ಮಾಡುತ್ತದೆ. ಕಾರವಾರದ 581301, ಶಿರಸಿಯ 581401, ಹಾವೇರಿಯ 581110 ಮೂರೂ ಅದರಲ್ಲೇ ಬರುವುದರಿಂದ, ಮೂರೇ ಅಂಕಿ ನಂಬಿದರೆ ಹಾವೇರಿಯವರಿಗೆ ಕರಾವಳಿಯ ಪುರವಣಿ ಹೋಗುತ್ತದೆ. ಚಂದಾದಾರರ ಪಟ್ಟಿಯಲ್ಲಿ ‘ಯಾವ ಪುರವಣಿ’ ಎಂಬ ಅಂಕಣವನ್ನೇ ಬೇರೆ ಮಾಡಿಕೊಳ್ಳಿ. ಮುಂಬೈಯಲ್ಲಿ ನೆಲೆಸಿದ ಕಾರವಾರದವರು ಕೇಳುವುದು ತಮ್ಮ ಊರಿನ ಪುಟಗಳನ್ನೇ.

ಕೊನೆಗೆ ಕಟ್ಟು ಕಟ್ಟುವುದು. ಸಿಬ್ಬಂದಿ ಸುಲಭವಾಗಿ ತೆರೆದು ನೋಡುವಂತೆ ಪ್ರತಿಯ ತುದಿಗಳನ್ನು ತೆರೆದಿಡಿ. ಅಂಟು ಹಾಕಿ ಮುಚ್ಚಬೇಡಿ, ಕೈಬರಹದ ಪತ್ರ ಸೇರಿಸಬೇಡಿ. ಪುರವಣಿಗಳ ಪುಟಸಂಖ್ಯೆ ಬೇರೆ ಬೇರೆಯಾಗಿದ್ದರೆ ತೂಕವೂ ಬೇರೆಯಾಗುವುದರಿಂದ, ಪ್ರತಿ ಪ್ರದೇಶದ ಪ್ರತಿಗಳನ್ನು ಬೇರೆ ಕಟ್ಟಾಗಿ ಕಟ್ಟಿ, ಒಂದು ಪ್ರತಿಯ ತೂಕ ಮತ್ತು ಒಟ್ಟು ಸಂಖ್ಯೆಯನ್ನು ಬರೆದ ಚೀಟಿಯನ್ನು ಕಟ್ಟಿನ ಮೇಲಿಡಿ. ನೋಂದಣಿಯಲ್ಲಿ ಸೂಚಿಸಿದ ಕಚೇರಿಗೆ, ಸೂಚಿಸಿದ ದಿನವೇ ಅವನ್ನು ಒಯ್ಯಿರಿ. ಪ್ರತಿ ಪುರವಣಿಯ ಒಂದೊಂದು ಮಾದರಿ ಕೈಯಲ್ಲಿರಲಿ.